ಹೊರೆ ತೂಗುತ್ತಿರುವಾಗ

ಶನಿವಾರ ಬೆಳಿಗ್ಗೆ ಆ ಮನೆಯಲ್ಲಿ ಯಾರ ಕಾಲೂ ನೆಲದ ಮೇಲಿರಲಿಲ್ಲ. ಮಾರನೆಯ ದಿನ ರೈಲು ನಿಲ್ದಾಣದ ಹೊಸ ಕಾಲುಸೇತುವೆಯನ್ನು ಇಡಿಯಾಗಿ ಎತ್ತಿ, ಹಳಿಗಳ ಮೇಲಿಂದ ತೇಲಿಸಿ, ಎರಡು ಮೆಟ್ಟಿಲುಗೋಪುರಗಳ ನಡುವೆ ಕೂರಿಸುವುದಿತ್ತು. ಎತ್ತುವ ಕ್ರೇನು ಊರಿಗೇ ದೊಡ್ಡದು. ಅದನ್ನು ನಡೆಸುವವಳು ಈ ಮನೆಯ ಸೊಸೆ. ಅಂದ ಮೇಲೆ ಕೇಳಬೇಕೆ?

ಸೈಟಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಅಟ್ಟದಕ್ಕ ಎಂದು. ಕ್ರೇನಿನ ಗಾಜಿನ ಕ್ಯಾಬಿನ್ನಿಗೆ ಏಣಿ ಹತ್ತಿಯೇ ಹೋಗಬೇಕು, ಹೋದವಳು ಬೇಗ ಇಳಿಯುವಂತಿಲ್ಲ, ಹಾಗಾಗಿ ಅದು ಅಟ್ಟ, ಅವಳು ಅಟ್ಟದಕ್ಕ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವಳು, ಅವಳ ಅತ್ತೆ, ಮತ್ತು ಗಾತ್ರಕ್ಕಿಂತ ಖಾರ ಜಾಸ್ತಿ ಇದ್ದ ಕಾರಣಕ್ಕೆ ಮೆಣಸು ಎಂದು ಕರೆಸಿಕೊಳ್ಳುತ್ತಿದ್ದ ಮಗಳು.

ತಿಂಡಿಯ ಹೊತ್ತಿಗೆ ಅಜ್ಜಿ ಸೌಟು ಹಿಡಿದು ಬಗ್ಗಿದ್ದೇ ತಡ, ಮೆಣಸು ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿ ಅಂಗೈ ತೋರಿಸಿದಳು.

"ಇನ್ನೊಂದೇ ಒಂದು ಸೌಟು ಕಣೇ."

"ಅಜ್ಜಿ, ಸ್ಟಾಪ್ ತೋರಿಸಿದೀನಿ! ಕಾಣಲ್ವಾ?"

"ಕಾಣುತ್ತೆ. ಈ ಮನೇಲಿ ಮೇಸ್ತ್ರಿ ನಾನೋ ನೀನೋ?"

"ಸ್ಟಾಪ್ ಹೇಳೋಕೆ ಮೇಸ್ತ್ರಿ ಆಗಬೇಕಿಲ್ಲ. ಅಮ್ಮಾ, ನೀನೇ ಹೇಳು."

ಅಟ್ಟದಕ್ಕ ಬೂಟಿನ ದಾರ ಬಿಗಿಯುತ್ತಾ ನಕ್ಕಳು. "ಅವಳು ಹೇಳೋದು ಸರಿ ಅತ್ತೆ. ಎತ್ತು, ಇಳಿಸು, ತಿರುಗಿಸು ಅಂತೆಲ್ಲ ಹೇಳೋನು ಒಬ್ಬನೇ. ನಿಲ್ಲು ಅನ್ನೋದನ್ನ ಮಾತ್ರ ಯಾರು ಬೇಕಾದ್ರೂ ಹೇಳಬಹುದು. ಕಸ ಗುಡಿಸೋರು ಹೇಳಿದ್ರೂ ನಿಲ್ಲಬೇಕು. ಮೊದಲು ನಿಲ್ಲು, ಆಮೇಲೆ ಯಾಕೆ ಅಂತ ಕೇಳು."

"ನಿಮ್ಮ ಮಾವನಿಗೆ ಈ ಕಾನೂನು ಗೊತ್ತಿದ್ದಿದ್ರೆ ನನ್ನ ಬಾಳು ಬಂಗಾರ ಆಗಿರೋದು" ಎಂದು ಅತ್ತೆ ಸೌಟನ್ನು ಪಾತ್ರೆಗೆ ಹಾಕಿದರು.

ಅಟ್ಟದಕ್ಕ ಬಸ್ಸು ಹಿಡಿದು ಹೊರಟಳು. ವರ್ಷಗಟ್ಟಲೆ ಇಟ್ಟಿಗೆ ಎತ್ತಿದ್ದಳು, ಸರಳು ಎತ್ತಿದ್ದಳು, ಇನ್ನೊಬ್ಬರು ಒಲ್ಲೆ ಎಂದ ಪಾಳಿಗಳನ್ನೆಲ್ಲ ಮಾಡಿದ್ದಳು. "ದೊಡ್ಡ ಹೊರೆಗೆ ಹೆಂಗಸಾ?" ಎಂದು ಮೂಗು ಮುರಿದವರು ಕಡಿಮೆಯೇನಲ್ಲ. ನಾಳೆ ಸೇತುವೆ ಸರಿಯಾಗಿ ಕೂತರೆ ಆ ಮಾತು ಮಣ್ಣಾಗುತ್ತಿತ್ತು. ಜೀವನದಲ್ಲಿ ಹೀಗೆ ಬಾಗಿಲು ತಟ್ಟಿ ಬರುವ ದಿನಗಳು ಎಷ್ಟಿರುತ್ತವೆ?

ಹಳಸಿದ ಸಂಗತಿ ಒಂದೇ, ಸನ್ನೆಗಾರ.

ಕ್ರೇನಿಗೆ ಕಣ್ಣು ಸನ್ನೆಗಾರ. ಗೋಡೆಯಾಚೆ, ಚಾವಣಿಯಾಚೆ ಹೊರೆ ಎಲ್ಲಿ ಇಳಿಯುತ್ತದೆಂದು ಮೇಲೆ ಕೂತವಳಿಗೆ ಕಾಣುವುದಿಲ್ಲ. ಅವನ ಕೈಸನ್ನೆ, ವಾಕಿಟಾಕಿಯಲ್ಲಿ ಅವನ ಮಾತು, ಅಷ್ಟೇ ಆಧಾರ. ಈ ಸನ್ನೆಗಾರ ಕೆಲಸದಲ್ಲಿ ಚುರುಕು, ಮಾತಿನಲ್ಲಿ ಬೆಣ್ಣೆ. ಕೆಲವು ತಿಂಗಳ ಹಿಂದೆ ಅಂಗಳದ ನಲ್ಲಿಯ ಹತ್ತಿರ ಅವಳು ಕೈ ತೊಳೆಯುತ್ತಿದ್ದಾಗ ಬಂದು ನಿಂತು, "ನಿಮ್ಮನ್ನ ಕಂಡ್ರೆ ನನಗೆ ಇಷ್ಟ. ಮದುವೆ ಮಾತು ಯೋಚನೆ ಮಾಡ್ತೀರಾ?" ಎಂದು ಕೇಳಿದ್ದ. ಅವಳು ಕೈ ಒರೆಸಿಕೊಂಡು, "ಇಲ್ಲ. ನನಗೆ ಆ ಮನಸ್ಸಿಲ್ಲ" ಎಂದಿದ್ದಳು. ಅವನು "ಸರಿ" ಎಂದು ಹೋಗಿದ್ದ. ಅವನ ಬಗ್ಗೆ ಅವಳಿಗೆ ಗೌರವವೇ ಮೂಡಿತ್ತು. ಕೇಳುವುದಕ್ಕೂ ಧೈರ್ಯ ಬೇಕಲ್ಲ.

ಆದರೆ ಆ "ಸರಿ" ಬಹಳ ದಿನ ಬಾಳಲಿಲ್ಲ. ಅವಳು ಇಳಿಯುವ ಹೊತ್ತಿಗೆ ಏಣಿಯ ಬುಡದಲ್ಲಿ ಅವನು ಕಾಯತೊಡಗಿದ. ಏಣಿಗೆ ಇಳಿಯುವ ದಾರಿ ಒಂದೇ. "ಯೋಚನೆ ಮಾಡಿದ್ಯಾ?" ಎನ್ನುವನು. "ನೀವು" ಹೋಗಿ "ನೀನು" ಬಂದದ್ದು ಯಾವಾಗಲೋ ತಿಳಿಯದು. ಅವಳು ಬದಿಗೆ ಸರಿದು ಹೋಗುವಳು. ಸೈಟಿನವರೆಲ್ಲ ನಗುವರು. ಮೇಸ್ತ್ರಿಯೂ ಮೀಸೆಯಡಿಯಲ್ಲಿ ನಕ್ಕು, "ಒಳ್ಳೆ ಜೋಡಿ ಬಿಡಮ್ಮ" ಎಂದಿದ್ದರು.

ಆ ಶನಿವಾರ ನಡೆದದ್ದು ನಾಳಿನ ಎತ್ತುವಿಕೆಗೆ ತಾಲೀಮು. ಸೇತುವೆಯಷ್ಟೇ ಭಾರದ ಕಾಂಕ್ರೀಟು ದಿಮ್ಮಿಗಳನ್ನು ಕಟ್ಟಿ ಎತ್ತಿ, ಗೋದಾಮಿನಾಚೆಯ ಬಯಲಿನಲ್ಲಿ ಇಳಿಸಬೇಕು. ಸನ್ನೆಗಾರ ಗೋದಾಮಿನ ಚಾವಣಿಯ ಮೇಲೆ ನಿಂತಿದ್ದ. ಹೆಬ್ಬೆರಳು ಮೇಲೆ ಮಾಡಿದ, ಅವಳು ಎತ್ತಿದಳು. ತೋಳು ತಿರುಗಿಸಿದ, ತಿರುಗಿಸಿದಳು. ಕ್ರೇನು ಸಾಕಿದ ಆನೆಯಂತೆ ಮಾತು ಕೇಳಿತು. ಆಹಾ, ಎಂಥ ಸುಖ! ಹೊರೆ ಗೋದಾಮಿನಾಚೆ ಹೋಯಿತು. ಅವನು ತೋಳು ಚಾಚಿ "ನಿಲ್ಲು" ತೋರಿಸಿದ. ನಿಲ್ಲಿಸಿದಳು. ಇನ್ನು "ಇಳಿಸು" ಬರಬೇಕು.

ಬರಲಿಲ್ಲ. ವಾಕಿಟಾಕಿಯಲ್ಲಿ ಅವರಿಬ್ಬರದೇ ಚಾನೆಲ್ಲಿನಲ್ಲಿ ದನಿ ಬಂತು.

"ಅಟ್ಟದವಳೇ, ನಾಳೆ ಸೇತುವೆ ಕೂತ ಮೇಲೆ ನನ್ನ ಜೊತೆ ಊಟಕ್ಕೆ ಬರ್ತೀಯಾ?"

"ಇಳಿಸೋ ಸನ್ನೆ ಕೊಡು."

"ಮೊದಲು ಹೂಂ ಅನ್ನು."

"ಬೇಡ ಅಂತ ಅವತ್ತೇ ಹೇಳಿದೀನಿ. ನಿಲ್ಲಿಸು ಈ ಮಾತು."

"ನಿಲ್ಲಿಸೇ ಇದೀನಲ್ಲ, ನಿನ್ನ ಹೊರೆನ!" ಅವನು ಚಾವಣಿಯ ಮೇಲೆ ನಗುತ್ತಾ ಕೈ ಕಟ್ಟಿ ನಿಂತಿದ್ದು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. "ಒಂದು ಹೂಂಗೆ ಏನು ಖರ್ಚು?"

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಉಂಟು. ಹೊರೆ ತೂಗುತ್ತಿರುವಾಗ ಕುರ್ಚಿ ಬಿಡುವಂತಿಲ್ಲ. ಬೆಂಕಿ ಬೀಳಲಿ, ಮಗು ಅಳಲಿ, ಹೊಟ್ಟೆ ನುಲಿಯಲಿ, ಕ್ರೇನು ನಡೆಸುವ ಸನ್ನೆಕೋಲಿನಿಂದ ಕೈ ತೆಗೆಯುವಂತಿಲ್ಲ. ಕಣ್ಣಿಲ್ಲದೆ ಇಳಿಸುವಂತೆಯೂ ಇಲ್ಲ, ಕೆಳಗೆ ಯಾರಿದ್ದಾರೋ. ಗಾಳಿಗೆ ಹೊರೆ ಮೆಲ್ಲಗೆ ತೂಗಿತು. ನಲ್ಲಿಯ ಹತ್ತಿರ ಅವಳು ನಡೆದು ಹೋಗಬಹುದಿತ್ತು. ಏಣಿಯ ಬುಡದಲ್ಲಿ ಬದಿಗೆ ಸರಿಯಬಹುದಿತ್ತು. ಇಲ್ಲಿ?

ಅವಳು ಹಾರ್ನಿನ ಗುಂಡಿ ಒತ್ತಿ ಹಿಡಿದಳು. ಊರಿಗೇ ಕೇಳುವಂತೆ ಕ್ರೇನು ಅರಚಿತು. ಮೇಸ್ತ್ರಿ ಹೆಲ್ಮೆಟ್ಟು ಹಿಡಿದುಕೊಂಡು ಓಡಿ ಬಂದರು. ಸನ್ನೆಗಾರ ಏನೂ ಆಗಿಲ್ಲವೆಂಬಂತೆ ಹೆಬ್ಬೆರಳು ಕೆಳಗೆ ಮಾಡಿದ. ಹೊರೆ ನೆಲ ಮುಟ್ಟುವಾಗ ದನಿ ಮತ್ತೆ ಕಿವಿಯಲ್ಲಿ ಉಸುರಿತು: "ಸಿಟ್ಟಾದ್ಯಾ? ಇರಲಿ. ನಾಳೆನೂ ಹೊರೆ ತೂಗುತ್ತಲ್ಲ."

ಅವಳು ಇಳಿದು ಬಂದು ಮೇಸ್ತ್ರಿಗೆ ಎಲ್ಲ ಹೇಳಿದಳು. ಮೇಸ್ತ್ರಿ ಒಳ್ಳೆಯವರು. ಈ ಕ್ರೇನಿನ ಕೆಲಸದಲ್ಲೇ ತಲೆ ನೆರೆಸಿಕೊಂಡವರು, ಯಾರ ಮನೆ ಕಷ್ಟಕ್ಕೂ ಮೊದಲು ನಿಲ್ಲುವವರು. ಆದರೆ ಒಳ್ಳೆಯವರೆಲ್ಲ ಎಲ್ಲವನ್ನೂ ಬಲ್ಲವರಲ್ಲ.

"ಮುಟ್ಟಿದ್ನಾ?" ಎಂದರು.

"ಇಲ್ಲ."

"ಕೆಟ್ಟ ಮಾತು ಆಡಿದ್ನಾ?"

"ಇಲ್ಲ."

"ಮತ್ತೆ ಒಂದು ಹೂಂ ಕೇಳಿದಾನೆ ಅಷ್ಟೆ ತಾನೆ ತಾಯಿ? ಹುಡುಗು ಬುದ್ಧಿ. ಆಯ್ತು, ನಿನಗೆ ಮುಜುಗರ ಅಂದ್ರೆ ಒಂದು ಕೆಲಸ ಮಾಡೋಣ. ನಾಳೆ ಕ್ರೇನಿಗೆ ಇನ್ನೊಬ್ಬ ಡ್ರೈವರನ್ನ ಕರೆಸ್ತೀನಿ. ನೀನು ಆರಾಮಾಗಿ ಮನೇಲಿರು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಕಚ್ಚಿದ್ದು ಹಾವು, ಊರು ಬಿಡಬೇಕಾದದ್ದು ಕಚ್ಚಿಸಿಕೊಂಡವಳು! ಅವಳು ಮಾತಿಗೆ ಮಾತು ಬೆಳೆಸಲಿಲ್ಲ. ಅಲ್ಲಿಯೇ ಇದ್ದ ಕಬ್ಬಿಣದ ಕೊಂಡಿಗಳ ಪೆಟ್ಟಿಗೆಯನ್ನು ತೋರಿಸಿ, "ಇದನ್ನ ಗೋಪುರದ ಮೇಲಕ್ಕೆ ಸಾಗಿಸಬೇಕಿತ್ತಲ್ಲ ಅಣ್ಣ, ಬನ್ನಿ, ಒಂದು ಕೈ ಹಾಕೋಣ" ಎಂದಳು.

ಇಬ್ಬರೂ ಎತ್ತಿದರು. ಅವಳು ಮೇಲೆ, ಮೇಸ್ತ್ರಿ ಕೆಳಗೆ. ಅರ್ಧದಷ್ಟು ಮೆಟ್ಟಿಲು ಹತ್ತಿದ ಮೇಲೆ ಅವಳು ತನ್ನ ತುದಿಯನ್ನು ಮೆಟ್ಟಿಲ ಮೇಲಿಟ್ಟು ನಿಂತುಬಿಟ್ಟಳು. ಭಾರವೆಲ್ಲ ಮೇಸ್ತ್ರಿಯ ತೋಳಿಗೆ ಬಂತು. ಬಿಟ್ಟರೆ ಪೆಟ್ಟಿಗೆ ಅವರ ಮೊಳಕಾಲಿಗೇ.

"ಯಾಕಮ್ಮ ನಿಂತೆ?"

"ಅಣ್ಣ, ನಿಮ್ಮ ಮೀಸೆ ಬೋಳಿಸ್ತೀರಾ?"

ಆ ಮೀಸೆ ಸಾಮಾನ್ಯದ್ದಲ್ಲ. ಅದಕ್ಕೆ ದಿನಾ ಎಣ್ಣೆಯ ಸೇವೆ ನಡೆಯುತ್ತಿತ್ತು. "ಏನಂದೆ?"

"ಹೂಂ ಅನ್ನಿ, ಎತ್ತುತೀನಿ."

"ತಲೆ ಕೆಟ್ಟಿದ್ಯಾ? ಎತ್ತು, ಕೈ ಜಾರ್ತಿದೆ!"

"ನಾನೇನು ಮುಟ್ಟಿದ್ನಾ? ಕೆಟ್ಟ ಮಾತು ಆಡಿದ್ನಾ? ಒಂದು ಹೂಂ ಕೇಳಿದೆ ಅಷ್ಟೆ. ಮೀಸೆ ತಾನೆ, ಮತ್ತೆ ಬೆಳೆಯುತ್ತೆ."

"ಮೊದಲು ಎತ್ತು, ಆಮೇಲೆ ಮಾತಾಡೋಣ!"

"ಮೊದಲು ಹೂಂ."

ಮೇಸ್ತ್ರಿಯ ಕುತ್ತಿಗೆಯ ನರ ಉಬ್ಬಿತು, ಮುಖ ಕೆಂಪಡರಿತು. "ಹೂಂ! ಹೂಂ! ಬೋಳಿಸ್ತೀನಿ! ಎತ್ತು ತಾಯಿ!"

ಅವಳು ಥಟ್ಟನೆ ಎತ್ತಿದಳು. ಇಬ್ಬರೂ ಪೆಟ್ಟಿಗೆಯನ್ನು ಗೋಪುರದ ತುದಿಯ ಜಗಲಿಯ ಮೇಲಿಟ್ಟು ಏದುಸಿರು ಬಿಡುತ್ತಾ ಕೂತರು.

"ಈಗ ಬೋಳಿಸ್ತೀರಾ?"

"ನನ್ನ ಹೆಣ ಬೋಳಿಸಲಿ!" ಎಂದು ಮೇಸ್ತ್ರಿ ಗುಡುಗಿದರು. "ಆ ಹೂಂ ಒಂದು ಹೂಂನಾ? ಕೈ ಸಿಕ್ಕಿಹಾಕಿಕೊಂಡಿದ್ದಾಗ..." ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. ಪೆಟ್ಟಿಗೆಯ ಅಂಚು ಒತ್ತಿ ಕೆಂಪು ಗೆರೆ ಬಿದ್ದಿತ್ತು.

"ಅಣ್ಣ, ನಲ್ಲಿ ಹತ್ತಿರ ಕೇಳಿದಾಗ ನಾನು ನಿಮ್ಮ ಹತ್ತಿರ ದೂರು ತಂದ್ನಾ?" ಎಂದಳು ಅವಳು. "ಏಣಿ ಹತ್ತಿರ ಕಾಟ ಕೊಟ್ಟ, ಹಲ್ಲು ಕಚ್ಚಿಕೊಂಡೆ. ಆವಾಗಲೇ ತರಬೇಕಿತ್ತೇನೋ. ಇವತ್ತು ನಾನು ಎದ್ದು ಹೋಗೋಕೆ ಆಗದ ಜಾಗದಲ್ಲಿ ಕೇಳಿದಾನೆ. ನನ್ನ ಕೆಲಸವನ್ನೇ ನನ್ನ ಕುತ್ತಿಗೆಗೆ ಹಗ್ಗ ಮಾಡಿ ಕೇಳಿದಾನೆ. ಇದಕ್ಕೆ ಪ್ರೀತಿ ಅಂತೀರಾ?"

ಮೇಸ್ತ್ರಿ ಅಂಗೈಗಳನ್ನು ತೊಡೆಗೆ ಉಜ್ಜಿಕೊಂಡರು. ಆಮೇಲೆ, "ನಾನೂ ನಕ್ಕಿದ್ದೆ ಅಲ್ವಾ" ಎಂದರು. ಕೊನೆಗೆ, "ನಾಳೆ ನೀನೇ ಎತ್ತು. ಅವನು ಕೆಳಗಿಳಿಯಲಿ."

"ಸನ್ನೆಗೆ ಯಾರು?"

"ನನ್ನ ಕೈಗೆ ತುಕ್ಕು ಹಿಡಿದಿಲ್ಲ. ನೀನು ಹುಟ್ಟೋ ಮುಂಚೆಯಿಂದ ಸನ್ನೆ ಕೊಟ್ಟ ಕೈ ಇದು."

ಕಚೇರಿಯಲ್ಲಿ ಎಂಜಿನಿಯರ್ ಸಾಹೇಬರು ಹಣೆ ಉಜ್ಜಿಕೊಂಡರು. "ನಾಳೆ ಒಂದು ದಿನ ಮುಗೀಲಿ, ಸೋಮವಾರ ನೋಡೋಣ" ಎಂದರು. "ಸಾರ್, ಸೇತುವೆ ತೂಗೋದು ಸೋಮವಾರ ಅಲ್ಲ, ನಾಳೆ" ಎಂದರು ಮೇಸ್ತ್ರಿ. ಸಾಹೇಬರು ಕಿಟಕಿಯಾಚೆಯ ಕ್ರೇನನ್ನು ನೋಡಿದರು. ನಾಳೆ ಆ ಕೊಕ್ಕೆಯಡಿ ನಿಲ್ಲುವ ಜನ ನೆನಪಾದರೋ ಏನೋ. ಸನ್ನೆಗಾರನನ್ನು ಕೆಲಸದಿಂದ ದೂರವಿಟ್ಟರು. ಅವಳ ದೂರು ಕಂಪನಿಯ ದೂರು ಸಮಿತಿಗೆ ಹೋಯಿತು.

ಗೇಟಿನ ಹತ್ತಿರ ಸನ್ನೆಗಾರ ಅಡ್ಡ ಬಂದ. ಬೆಣ್ಣೆಯೆಲ್ಲ ಕರಗಿ ಹೋಗಿತ್ತು. "ಇಷ್ಟಪಟ್ಟಿದ್ದು ತಪ್ಪಾ?" ಎಂದು ಕೂಗಿದ.

"ಅಲ್ಲ" ಎಂದಳು ಅವಳು. "ಇಷ್ಟಪಟ್ಟಿದ್ದು ತಪ್ಪಲ್ಲ, ಕೇಳಿದ್ದೂ ತಪ್ಪಲ್ಲ. ದಾರಿ ಬಿಡು."

ಮನೆಯಲ್ಲಿ ಮೆಣಸು ರಟ್ಟಿನ ಕೊಳವೆಗಳನ್ನು ಜೋಡಿಸಿ ದುರ್ಬೀನು ಮಾಡಿಕೊಂಡು ಕುಣಿಯುತ್ತಿದ್ದಳು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, "ಒಳ್ಳೆ ಹುಡುಗ ಅಂತಿದ್ಯಲ್ಲೇ?" ಎಂದರು.

"ನಲ್ಲಿ ಹತ್ತಿರ ಒಳ್ಳೆಯವನೇ ಇದ್ದ ಅತ್ತೆ."

"ಹೂಂ. ಇನ್ನೊಂದು ಮದುವೆ ಆಗಬೇಕು ಅಂತ ನಿನಗೆ ಅನ್ನಿಸಿದ ದಿನ ನನಗೆ ಹೇಳು, ನಾನೇ ಮುಂದೆ ನಿಂತು ಮಾಡ್ತೀನಿ. ಅಲ್ಲೀವರೆಗೂ ನಿನ್ನ ಬೇಡಕ್ಕೆ ನಾನು ಕಾವಲು. ಈಗ ಮಲಗು. ನಾಳೆ ಕಣ್ಣು ಎಳೀಬಾರದು."

ಭಾನುವಾರ ನಿಲ್ದಾಣ ಜಾತ್ರೆಯಾಗಿತ್ತು. ರೈಲುಗಳನ್ನು ಎರಡೂ ಕಡೆ ತಡೆದು ನಿಲ್ಲಿಸಿದ್ದರು. ಮಧ್ಯಾಹ್ನದೊಳಗೆ ಹಳಿ ಬಿಟ್ಟುಕೊಡಬೇಕು. ಪ್ಲಾಟ್‌ಫಾರ್ಮುಗಳಲ್ಲಿ ಹಗ್ಗ ಕಟ್ಟಿ ಜನರನ್ನು ಹಿಂದೆ ತಳ್ಳಿದ್ದರು. ಮಕ್ಕಳು ಹೆಗಲ ಮೇಲೆ, ಯುವಕರು ಕಿಟಕಿಯ ಮೇಲೆ. ಅಟ್ಟದಿಂದ ನೋಡಿದರೆ ಎಲ್ಲರ ತಲೆಗಳೂ ಸಾಸಿವೆ ಚೆಲ್ಲಿದಂತೆ. ಒಂದು ಕಡೆ ರಟ್ಟಿನ ದುರ್ಬೀನು ಕಂಡಿತು. ಎದುರು ಪ್ಲಾಟ್‌ಫಾರ್ಮಿನಲ್ಲಿ, ಹಗ್ಗದ ಹಿಂದೆ, ಕೆಲಸದ ಅಂಗಿಯಿಲ್ಲದೆ, ಸನ್ನೆಗಾರ. ಅವಳು ನೋಟ ತಿರುಗಿಸಿದಳು.

ಗೋಪುರದ ತುದಿಯಲ್ಲಿ ಮೇಸ್ತ್ರಿ ನಿಂತಿದ್ದರು. ಮೀಸೆ ಎಂದಿಗಿಂತ ಒಂದು ಸುತ್ತು ಹೆಚ್ಚು ಹುರಿಗೊಂಡಿತ್ತು. ವಾಕಿಟಾಕಿ ಗುರುಗುಟ್ಟಿತು. "ತಯಾರಾ ತಂಗಿ?"

"ತಯಾರು ಅಣ್ಣ."

ಹೆಬ್ಬೆರಳು ಮೇಲೆದ್ದಿತು.

ಸೇತುವೆ ನೆಲ ಬಿಟ್ಟಿತು. ಒಂದು ಅಂಗೈ, ಒಂದು ಮೊಳ, ಒಂದು ಆಳೆತ್ತರ. ಜನ "ಓ" ಎಂದರು. ಆ ಉದ್ಗಾರ ಗಾಜಿನೊಳಗೂ ಕೇಳಿತು. ಉಕ್ಕಿನ ಉದ್ದನೆಯ ದೇಹ ಬಿಸಿಲಿನಲ್ಲಿ ಮಿರಮಿರ ಮಿಂಚುತ್ತಾ, ಚಾವಣಿ ದಾಟಿ, ವಿದ್ಯುತ್ ಕಂಬ ದಾಟಿ ಮೇಲೇರಿತು. ಅವಳ ಬೆರಳುಗಳಿಗೆ ಸನ್ನೆಕೋಲು ಕಬ್ಬಿಣವಲ್ಲ, ಬೆಣ್ಣೆ. ಮೇಸ್ತ್ರಿಯ ಹಳೆಯ ಕೈ ನಿಧಾನ, ಆದರೆ ಎಂಥ ಖಚಿತ! ಹಳಿಗಳ ನಡುಮಧ್ಯೆ ಬಂದಾಗ ಗಾಳಿ ಬೀಸಿತು. ಮೇಸ್ತ್ರಿಯ ತೋಳುಗಳು ಅಗಲಕ್ಕೆ ಚಾಚಿದವು. ನಿಲ್ಲಿಸಿದಳು.

ಹೊರೆ ತೂಗಿತು. ವಾಕಿಟಾಕಿ ಉಸಿರಾಡಿತು. ಅವಳಿಗೆ ನಿನ್ನೆಯ ದನಿ ನೆನಪಾಯಿತು.

"ಗಾಳಿ ಹೋಗಲಿ. ಕಾಯೋಣ" ಎಂದಿತು ಮೇಸ್ತ್ರಿಯ ದನಿ. ಅಷ್ಟೇ. ಇನ್ನೊಂದು ಮಾತಿಲ್ಲ. ಆ ಮೌನ ಎಷ್ಟು ತಂಪಾಗಿತ್ತೆಂದರೆ ಅವಳಿಗೆ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ, ರೆಪ್ಪೆ ಬಡಿದು ಉದುರಿಸಿದಳು.

ಗಾಳಿ ಇಳಿಯಿತು. ಮೇಸ್ತ್ರಿ ತಿರುಗಿಸುವ ಸನ್ನೆ ಕೊಟ್ಟರು. ಅವಳು ಸನ್ನೆಕೋಲು ಸರಿಸಿದಳು. ಸೇತುವೆ ಮೆಲ್ಲಗೆ ಹೊರಳತೊಡಗಿತು.

ಅಷ್ಟರಲ್ಲಿ ಎದುರು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಒಬ್ಬ ಹತ್ತಿ ನಿಂತ. ಎರಡೂ ತೋಳು ಅಗಲಕ್ಕೆ, ಅಂಗೈ ಮುಂದಕ್ಕೆ. ನಿಲ್ಲು.

ಸನ್ನೆಗಾರ.

ಅವಳ ಕೈ ಯೋಚಿಸಲಿಲ್ಲ. ಯಾರು, ಯಾಕೆ, ಇವನಾ, ನಾಟಕವಾ ಎಂದೆಲ್ಲ ತಲೆಗೆ ಹೊಳೆಯುವ ಮೊದಲೇ ಕೈ ಕ್ರೇನನ್ನು ನಿಲ್ಲಿಸಿತ್ತು. "ಯಾಕೆ ನಿಂತೆ?" ಎಂದರು ಮೇಸ್ತ್ರಿ. "ಕೆಳಗಿಂದ ಸ್ಟಾಪ್ ಬಂತು ಅಣ್ಣ. ಎದುರುಗಡೆ ನೋಡಿ."

ಸೇತುವೆ ಗಿರಕಿ ಹೊಡೆಯದಂತೆ ಅದರ ತುದಿಗೆ ಕಟ್ಟಿ ಕೆಳಗಿಂದ ಹಿಡಿದಿದ್ದ ಹಗ್ಗ, ಗಾಳಿಗೆ ಹಾರಿ ಪ್ಲಾಟ್‌ಫಾರ್ಮಿನ ದೀಪದ ಕಂಬಕ್ಕೆ ಸುತ್ತಿಕೊಂಡಿತ್ತು. ಹಿಡಿದ ಇಬ್ಬರ ಕೈ ಕಂಬಕ್ಕೇ ಸಿಕ್ಕಿ ಬಿದ್ದಿತ್ತು. ಚಾವಣಿಯ ಅಡಿಯಲ್ಲಿದ್ದುದರಿಂದ ಮೇಸ್ತ್ರಿಗೂ ಕಾಣುತ್ತಿರಲಿಲ್ಲ, ಅವಳಿಗೂ ಕಾಣುತ್ತಿರಲಿಲ್ಲ. ಇನ್ನೊಂದು ಗೇಣು ತಿರುಗಿದ್ದರೆ ಕಂಬ, ಕೈ, ಸೇತುವೆ ಎಲ್ಲವೂ ಒಟ್ಟಿಗೆ! ಯಾರೋ ಓಡಿ ಹಗ್ಗ ಕತ್ತರಿಸಿದರು. ಹೊಸ ಹಗ್ಗ ಬಂತು. ಮೇಸ್ತ್ರಿ ಮತ್ತೆ ತಿರುಗಿಸುವ ಸನ್ನೆ ಕೊಟ್ಟರು.

ಸೇತುವೆ ಎರಡು ಗೋಪುರಗಳ ನಡುವೆ ಇಳಿದು, ತನ್ನ ಕುಳಿಗಳಲ್ಲಿ ಕೂತಿತು. ಡಬ್ಬಿಗೆ ಮುಚ್ಚಳ ಕೂತಂತೆ, ಠಣ್ ಎನ್ನುವ ಒಂದೇ ಸದ್ದು. ಆಮೇಲೆ ಎದ್ದ ಕೂಗಿಗೆ ಚಾವಣಿಯ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು. ತಡೆದ ರೈಲುಗಳು ದೂರದಿಂದ ಸೀಟಿ ಹೊಡೆದವು. ಮೇಸ್ತ್ರಿ ಗೋಪುರದ ಮೇಲೆ ವಯಸ್ಸು ಮರೆತು ಕುಪ್ಪಳಿಸುತ್ತಿದ್ದರು.

ಕೊಕ್ಕೆ ಬಿಡಿಸಿದರು. ಹೊರೆ ಇಲ್ಲ. ಅವಳು ಸನ್ನೆಕೋಲಿನಿಂದ ಕೈ ತೆಗೆದಳು, ಮುಖ ಒರೆಸಿಕೊಂಡಳು, ಕುರ್ಚಿಯಿಂದ ಎದ್ದಳು.

ಏಣಿಯ ಬುಡದಿಂದ ಸ್ವಲ್ಪ ದೂರದಲ್ಲಿ ಸನ್ನೆಗಾರ ನಿಂತಿದ್ದ. ಈ ಸಲ ದಾರಿ ಬಿಟ್ಟು ನಿಂತಿದ್ದ. ಮುಖದಲ್ಲಿ ಏನೋ ಆಸೆ.

"ಹಗ್ಗ ನೋಡಿದ್ದಕ್ಕೆ ಉಪಕಾರ ಆಯ್ತು" ಎಂದಳು ಅವಳು. "ಇಬ್ಬರ ಕೈ ಉಳೀತು."

"ಹಾಗಾದ್ರೆ ಆ ದೂರು..."

"ದೂರು ದೂರೇ."

ಅವನು ತಲೆ ತಗ್ಗಿಸಿದ. ಮತ್ತೆ, ತನಗೆ ತಾನೇ ಕೇಳಿಕೊಂಡಂತೆ, "ನಾನು ಅಂತ ಗೊತ್ತಿದ್ದೂ ಅಷ್ಟು ಬೇಗ ನಿಂತ್ರಲ್ಲ" ಎಂದ. "ನೀವು" ವಾಪಸು ಬಂದಿತ್ತು.

"ನಿಲ್ಲು ಅಂದ್ರೆ ನಿಲ್ಲಬೇಕು" ಎಂದಳು ಅವಳು. "ಯಾರು ಅಂದ್ರೂ."

ಅವಳು ಅವನನ್ನು ದಾಟಿ ನಡೆದಳು. ಹಗ್ಗದ ಕೆಳಗೆ ನುಸುಳಿ ಮೆಣಸು ಬಾಣದಂತೆ ಓಡಿ ಬರುತ್ತಿದ್ದಳು, ಹಿಂದೆ ಅತ್ತೆ, "ಏ ಬೀಳ್ತೀಯ, ನಿಲ್ಲೇ!" ಎಂದು ತೋಳು ಚಾಚಿಕೊಂಡು. ಮಗಳು ತಟ್ಟನೆ ನಿಂತಳು. ತಾಯಿ ಉಳಿದ ದೂರವನ್ನು ತಾನೇ ಓಡಿದಳು.